ಟವಲಿನಡಿಯ ಮಾತು

ಅಥವಾ ಅದು ತನ್ನಿಂದಲೇ ಬಂದದ್ದಿರಬಹುದೇ? ಬರುತ್ತದೆಯೇ ಅಂಥದ್ದು, ಮೂಗು ಬಂದ ಹಾಗೆ, ಕಿವಿ ಬಂದ ಹಾಗೆ? ಮಗಳು ಇಫ್ರಾಳ ಕಿವಿ ಥೇಟ್ ತನ್ನದೇ, ಅದನ್ನು ನೋಡಿದವರೆಲ್ಲ ಹೇಳುತ್ತಾರೆ. ಆದರೆ ಶಾಲೆಯಲ್ಲಿ ಬಾಯಿ ತೆರೆಯದಿರುವುದನ್ನು ಒಬ್ಬರು ಇನ್ನೊಬ್ಬರಿಗೆ ಕೊಡಲು ಸಾಧ್ಯವೇ? ಅದು ಬರೀ ಅಭ್ಯಾಸವಿರಬಹುದು. ಟೀಚರ್ ಅಂದುಕೊಂಡಂತೆ ಹೆದರಿಕೆಯಿರಬಹುದು. ಏನೂ ಇಲ್ಲದೆಯೂ ಇರಬಹುದು.

“ವಾಸಿಫ್, ಚೀಟಿ ಎಲ್ಲಪ್ಪಾ?”

ಕೂಗಿದವನು ಮಂಡಿಯ ಮಾಲೀಕ ರಮೇಶ್‌ಬಾಬು. ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಬೆಳಗಿನ ಹೊತ್ತು ಎಲ್ಲರೂ ಕೂಗಿಯೇ ಮಾತಾಡುವುದು. ಹರಾಜು ಕೂಗುವವನು ಕ್ರೇಟುಗಳ ಸಾಲಿನ ಪಕ್ಕ ನಡೆಯುತ್ತ, ಕನ್ನಡ, ತೆಲುಗು, ಉರ್ದು ಮೂರನ್ನೂ ಬೆರೆಸಿ ಬೆಲೆಯನ್ನು ಹಾಡಿನಂತೆ ಹೇಳುತ್ತ ಹೋಗುತ್ತಿದ್ದ. ಅವನ ಹಿಂದೆ ನಡೆದು, ಯಾವ ರೈತನ ಮಾಲು ಯಾರ ಪಾಲಾಯಿತೆಂದು ಚೀಟಿ ಬರೆಯುವುದು ವಾಸಿಫನ ಕೆಲಸ. ಬಿ.ಕಾಂ. ಮುಗಿಸಿದ ವರ್ಷ ಸೇರಿದ್ದ. ಅಷ್ಟು ಗದ್ದಲದ ನಡುವೆ ಒಂದು ಮಾತೂ ಆಡದೆ ದಿನ ಕಳೆಯಬಹುದೆಂದು ಅವನಿಗೆ ಮೊದಲ ವಾರವೇ ತಿಳಿದಿತ್ತು. ಬೇರೆ ಕೆಲಸ ಹುಡುಕದಿರಲು ಅದೂ ಒಂದು ಕಾರಣ.

“ಏನಪ್ಪಾ, ಇವತ್ತು ಬಾಯಿ ಜೊತೆ ಪೆನ್ನಿಗೂ ಬೀಗ ಹಾಕ್ಕೊಂಡು ಬಂದಿದ್ದೀಯಾ?”

ಸುತ್ತಲಿದ್ದವರು ನಕ್ಕರು. ವಾಸಿಫನೂ ಸ್ವಲ್ಪ ನಕ್ಕು, ಚೀಟಿ ಹರಿದು ಕೊಟ್ಟ.

ದಸರಾ ರಜೆಗೆ ಶಾಲೆ ಮುಚ್ಚಿದ ಶನಿವಾರ ಟೀಚರ್ ಅವನನ್ನು ಕರೆದಿದ್ದರು. ತನುಜ ಮಿಸ್ ಎಂದು ಹೆಸರು, ಯುಕೆಜಿಯ ಟೀಚರ್. ಸಣ್ಣ ಕುರ್ಚಿಯೊಂದನ್ನು ಎಳೆದು ಅವನಿಗೆ ಕೊಟ್ಟರು. ಅದರಲ್ಲಿ ಕೂತಾಗ ಅವನ ಮೊಣಕಾಲುಗಳು ಎದೆಗೆ ಬಂದವು.

“ಇಫ್ರಾ ಮನೇಲಿ ಮಾತಾಡ್ತಾಳಾ ಸಾರ್?”

“ಆಡ್ತಾಳೆ ಮೇಡಂ.”

“ಇಲ್ಲಿ ಜೂನಿಂದ ಒಂದಕ್ಷರ ಆಡಿಲ್ಲ. ಕಿರುಚೋದು ಬೇಡ, ಅಳೋದಾದ್ರೂ ಬೇಡ್ವಾ? ಅದೂ ಇಲ್ಲ. ಮೊನ್ನೆ ಚಿತ್ರ ತೋರಿಸಿ ಎಷ್ಟು ಗಾಳಿಪಟ ಇದೆ ಅಂತ ಕೇಳಿದೆ. ನನ್ನ ದುಪಟ್ಟಾ ಎಳ್ಕೊಂಡು ಅದರೊಳಗೆ ಕೈ ಬಚ್ಚಿಟ್ಕೊಂಡ್ಲು. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು ಬಿಟ್ಲು, ಮತ್ತೆ ಬೆರಳು ಹಿಡ್ಕೊಂಡ್ಲು.” ಅವರು ದನಿ ತಗ್ಗಿಸಿದರು. “ಬೇಜಾರ್ ಮಾಡ್ಕೋಬೇಡಿ. ಮನೇಲಿ ಯಾರಾದ್ರೂ ಹೆದರಿಸ್ತಾರಾ?”

ದುಪಟ್ಟಾ ಎಂದ ಕೂಡಲೇ ವಾಸಿಫನಿಗೆ ಅರ್ಥವಾಗಿತ್ತು. ಆದರೆ ಎಲ್ಲಿಂದ ಶುರು ಮಾಡಿ ಹೇಳಬೇಕೆಂದು ತಿಳಿಯದೆ, “ನೋಡ್ತೀನಿ ಮೇಡಂ” ಎಂದಷ್ಟೇ ಹೇಳಿದ. ರಜೆ ಮುಗಿದ ಮೇಲೂ ಹೀಗೇ ಆದರೆ ಮಗುವನ್ನು ಮತ್ತೆ ಎಲ್‌ಕೆಜಿಯಲ್ಲಿ ಚಿಕ್ಕ ಮಕ್ಕಳ ಜೊತೆ ಕೂರಿಸಬೇಕಾಗಬಹುದು ಎಂದು ಅವರು ನಿಧಾನವಾಗಿ ಹೇಳಿದರು. ಹೇಳಲು ಅವರಿಗೂ ಇಷ್ಟವಿದ್ದಂತಿರಲಿಲ್ಲ.

ಆ ಮಾತು ಎರಡು ದಿನ ಅವನೊಳಗೇ ಉಳಿಯಿತು. ಸೋಮವಾರ ಮಂಡಿಯಿಂದ ಮನೆಗೆ ಬಂದಾಗ ಹೆಂಡತಿ ಆಸ್ಮಾ ಮೆಟ್ಟಿಲ ಮೇಲೆ ಕೂತು ಎರಡು ವರ್ಷದ ಮಗ ತಬ್ರೇಜನಿಗೆ ಸೀತಾಫಲ ತಿನ್ನಿಸುತ್ತಿದ್ದಳು. ಬೀಜ ತೆಗೆದು ತಿರುಳನ್ನು ಬಾಯಿಗಿಡುವುದು, ಅವನು ನುಂಗಿ ಮತ್ತೆ ಬಾಯಿ ತೆರೆಯುವುದು. ಆ ಕೆಲಸ ನಿಲ್ಲಿಸದೆಯೇ ಅವಳು ಕೇಳಿದಳು:

“ಮಿಸ್ಸು ಯಾಕೆ ಕರ್ದಿದ್ರು ಅಂತ ಇವತ್ತಾದ್ರೂ ಹೇಳ್ತೀರೋ, ನಾನೇ ಹೋಗಿ ಕೇಳ್ಲೋ?”

ಅವನು ಹೇಳಿದ. ಅವಳ ಕೈ ನಿಂತಿತು.

“ದುಪಟ್ಟಾ ಎಳ್ಕೊಂಡ್ಲಾ? ಯಾ ಅಲ್ಲಾ! ಟವಲ್ಲು ರೀ ಅದು. ಅಬ್ಬಾನ ಟವಲ್ಲು!”

ವಾಸಿಫನ ತಂದೆ ಸಾದಿಕ್ ಪಾಷಾ ಬದುಕಿಡೀ ಎತ್ತಿನ ವ್ಯಾಪಾರದ ದಲ್ಲಾಳಿಯಾಗಿದ್ದವರು. ಸಂತೆಯಿಂದ ಸಂತೆಗೆ, ಜಾತ್ರೆಯಿಂದ ಜಾತ್ರೆಗೆ ಹೋಗುವ ಕೆಲಸ. ಕೊಳ್ಳುವವನ ಮನಸ್ಸಿನ ಬೆಲೆ ಮಾರುವವನಿಗೆ, ಮಾರುವವನದು ಕೊಳ್ಳುವವನಿಗೆ ಮುಟ್ಟಿಸಬೇಕು. ಸುತ್ತ ನಿಂತವರಿಗೆ ಮಾತ್ರ ತಿಳಿಯಬಾರದು. ಅದಕ್ಕೆ ಹೆಗಲ ಮೇಲಿನ ಟವಲನ್ನು ಕೈಗಳ ಮೇಲೆ ಹೊದಿಸಿ, ಅದರಡಿಯಲ್ಲಿ ಬೆರಳು ಹಿಡಿದು ವ್ಯವಹಾರ ಮಾಡುವುದು. ಒಂದು ಬೆರಳು ಹಿಡಿದರೆ ಒಂದು. ಇಡೀ ಕೈ ಹಿಡಿದರೆ ಐದು. ಕೈ ಹಿಡಿದು ಬಿಟ್ಟು ಮತ್ತೆ ಎರಡು ಬೆರಳು ಹಿಡಿದರೆ ಏಳು. ಮುಖದಲ್ಲಿ ಏನೂ ಕಾಣಿಸಬಾರದು. ಆಕಾಶ ನೋಡಿಕೊಂಡು ಮಳೆಯ ವಿಷಯ ಮಾತಾಡುತ್ತಿರಬೇಕು. ಊರಿಗೆಲ್ಲ ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದ ಮೇಲೆ ಸಾದಿಕ್ ಪಾಷಾ ಮನೆಯಲ್ಲೇ ಉಳಿದರು. ಟವಲು ಹೆಗಲ ಮೇಲೆ ಹಾಗೇ ಇತ್ತು.

ಇಫ್ರಾಗೆ ಎಣಿಸಲು ಕಲಿಸಿದ್ದು ಆ ಟವಲೇ. ಎಷ್ಟು ರೊಟ್ಟಿ ಬೇಕು, ಎಷ್ಟು ಬಿಸ್ಕತ್ತು, ಅಂಗಳದ ತಂತಿಯ ಮೇಲೆ ಎಷ್ಟು ಗುಬ್ಬಿ, ಎಲ್ಲವೂ ಅದರಡಿಯಲ್ಲೇ. ಅಜ್ಜ ಮೊಮ್ಮಗಳು ಮೆಟ್ಟಿಲ ಮೇಲೆ ಕೂತು, ಇಬ್ಬರೂ ಆಕಾಶ ನೋಡುತ್ತ, ಗಂಭೀರವಾಗಿ ವ್ಯಾಪಾರ ಮಾಡುತ್ತಿದ್ದರು. ಅವಳು ಬೆರಳು ತಪ್ಪಾಗಿ ಹಿಡಿದರೆ ಅವರು, “ಸರಿಯಾಗಿ ಹಿಡಿ, ಎತ್ತು ಓಡೋಗ್ತದೆ” ಎನ್ನುತ್ತಿದ್ದರು. ಟೀಚರ್ ಗಾಳಿಪಟ ಎಷ್ಟೆಂದು ಕೇಳಿದಾಗ ಅವಳು ಕೈ ಬಚ್ಚಿಟ್ಟುಕೊಂಡಿರಲಿಲ್ಲ. ಉತ್ತರ ಹೇಳಿದ್ದಳು.

ಆ ಸಂಜೆ ಆಸ್ಮಾ ಚಹಾ ಕೊಡುತ್ತ ಮಾವನಿಗೆ ವಿಷಯ ತಿಳಿಸಿದಳು. ಒರಟಾಗಿ ಹೇಳಲಿಲ್ಲ.

“ನೀವು ಪ್ರೀತಿಯಿಂದಾನೇ ಆಡ್ಸಿದ್ದು ಅಬ್ಬಾ. ಆದ್ರೆ ಮಗು ಬಾಯಿ ಬೇಕಾಗೇ ಇಲ್ಲ ಅನ್ಕೊಂಡ್ಬಿಟ್ಟಿದೆ. ಎಲ್ಲಾನೂ ಕೈಯಲ್ಲೇ ಆದ್ರೆ ಬಾಯಿ ಯಾಕೆ ತೆಗೀತಾಳೆ ಹೇಳಿ.”

ಸಾದಿಕ್ ಪಾಷಾ ಲೋಟವನ್ನು ಕೆಳಗಿಟ್ಟರು. ಮೊಮ್ಮಗಳ ಕಡೆ ನೋಡಿದರು. ಅವಳು ಗೋಡೆಯ ಬದಿಯಲ್ಲಿ ಇರುವೆ ಸಾಲಿಗೆ ಸೀತಾಫಲದ ಬೀಜ ಅಡ್ಡ ಇಡುತ್ತಿದ್ದಳು.

“ಮಿಸ್ಸು ಹಂಗಂದ್ರಾ?”

“ಮಿಸ್ಸಿಗೆ ಟವಲ್ ಗೊತ್ತಿಲ್ಲ. ನಾನೇ ಹೇಳ್ತಿರೋದು.”

“ಸರಿಯಮ್ಮ. ಸರಿ. ನನ್ನಿಂದ ಮಗು ಮೂಗಿ ಆಗೋದು ಬೇಡ.”

ಅವರು ಹೆಗಲಿನಿಂದ ಟವಲು ತೆಗೆದು ನಾಲ್ಕು ಮಡಿಕೆ ಮಾಡಿ ಪಕ್ಕದಲ್ಲಿಟ್ಟರು. ಅದಿಲ್ಲದ ಹೆಗಲು ಯಾರದೋ ಹೆಗಲಂತೆ ಕಂಡಿತು. ಬಿಳಿ ಅಂಗಿಯ ಆ ಭಾಗ ಉಳಿದದ್ದಕ್ಕಿಂತ ಬೆಳ್ಳಗಿತ್ತು.

ವಾಸಿಫ್ ಬಾಗಿಲಿಗೆ ಒರಗಿ ನಿಂತಿದ್ದ. ಆಗ ಹೇಳಬಹುದಿತ್ತು.

ಒಂದನೇ ತರಗತಿಯಲ್ಲಿ ಅವನೂ ಬಾಯಿ ತೆರೆದಿರಲಿಲ್ಲ. ಇಡೀ ವರ್ಷ. ಮನೆಯಲ್ಲಿ ಮಾತಾಡುತ್ತಿದ್ದವನು ಶಾಲೆಯ ಹೊಸ್ತಿಲು ದಾಟಿದರೆ ಗಂಟಲು ಯಾರದೋ ಆಗುತ್ತಿತ್ತು. ಹೆದರಿಕೆಯಲ್ಲ, ಹಟವಲ್ಲ. ಮಾತು ಒಳಗೆ ಪೂರ್ತಿ ತಯಾರಾಗಿ ನಿಂತಿರುತ್ತಿತ್ತು, ಹೊರಗೆ ಬರುವ ದಾರಿ ಮಾತ್ರ ಇರುತ್ತಿರಲಿಲ್ಲ. ಮೇಷ್ಟ್ರು ಮನೆಗೆ ಹೇಳಿ ಕಳಿಸಿದಾಗ ಬಂದವಳು ಅಮ್ಮಿ. ಅಬ್ಬಾ ಯಾವುದೋ ಜಾತ್ರೆಯಲ್ಲಿದ್ದರು. ಆಮೇಲೆ ಅಮ್ಮಿ ದಿನವೂ ಬೆಳಗ್ಗೆ ಶಾಲೆಯ ಕಟ್ಟೆಯ ಮೇಲೆ, ಅವನಿಗೆ ಕಿಟಕಿಯಿಂದ ಕಾಣುವಂತೆ, ಕೂತಿರುತ್ತಿದ್ದಳು. “ಅಬ್ಬಾಗೆ ಹೇಳೋದು ಬೇಡ, ಸುಮ್ನೆ ಕೊರಗ್ತಾರೆ” ಎಂದಿದ್ದಳು. ಒಂದು ದಿನ ಅವನು ತಾನಾಗಿ ಎದ್ದು, “ಸಾರ್, ಬೋರ್ಡ್ ಮೇಲೆ ಹಲ್ಲಿ” ಎಂದ. ಅಷ್ಟೇ. ಯಾಕೆ ಅವತ್ತು, ಯಾಕೆ ಹಲ್ಲಿ, ಅವನಿಗೆ ಇಂದಿಗೂ ಗೊತ್ತಿಲ್ಲ. ಅಮ್ಮಿ ಶಹಜಾದಿ ತೀರಿಕೊಂಡ ಮೇಲೆ ಆ ವರ್ಷವನ್ನು ಬಲ್ಲವನು ಅವನೊಬ್ಬನೇ. ಅವನಿಗೆ ಅಬ್ಬಾ ಟವಲಿನಡಿಯ ಲೆಕ್ಕ ಕಲಿಸಿರಲಿಲ್ಲ. ಕಲಿಸಲು ಅವರು ಮನೆಯಲ್ಲಿ ಇದ್ದರೆ ತಾನೇ.

ಆದರೂ, ಟವಲೂ ಕಾರಣವಿರಬಹುದಲ್ಲವೇ ಎಂದು ಅವನು ತನಗೇ ಹೇಳಿಕೊಂಡ. ನೋಡೋಣ. ರಜೆ ಮುಗಿಯಲಿ.

“ನೀವೂ ಅಷ್ಟೇ,” ಆಸ್ಮಾ ಅವನತ್ತ ತಿರುಗಿದಳು. “ಸ್ವಲ್ಪ ಮಾತಾಡಿ ಮಗು ಜೊತೆ. ಅವಳು ನೀವು ಒಂದೇ ಕಡೆ ಕೂತಿದ್ರೆ ಮನೇಲಿ ಯಾರೂ ಇಲ್ವೇನೋ ಅನ್ಸುತ್ತೆ.”

“ಆಡ್ತೀನಿ” ಎಂದ ವಾಸಿಫ್.

ಮಾತಾಡಲು ತೊಡಗಿದವರು ಸಾದಿಕ್ ಪಾಷಾ. ಮಾಡಿದ ತಪ್ಪನ್ನು ತಿದ್ದುವವರಂತೆ ಅವರು ದಿನವಿಡೀ ಮಾತಾಡತೊಡಗಿದರು. ಬೆಳಗ್ಗೆ ಇಫ್ರಾಳ ಕೈ ಹಿಡಿದು, ತಬ್ರೇಜನನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಗೆ ಹೊರಡುತ್ತಿದ್ದರು. ಬದುಕಿಡೀ ಮುಖ್ಯವಾದದ್ದನ್ನು ಬಾಯಲ್ಲಿ ಹೇಳದೆ ದುಡಿದವರು ಈಗ ಕಂಡದ್ದನ್ನೆಲ್ಲ ಹೇಳುತ್ತಿದ್ದರು. ಇದು ಚೆಂಡುಹೂವು, ಇದು ಸೇವಂತಿಗೆ, ಆಯುಧಪೂಜೆಗೆ ಬಂದಿರೋದು. ಇದು ಬೂದುಗುಂಬಳ, ನಾಳೆ ರಸ್ತೆಯಲ್ಲಿ ಒಡೀತಾರೆ, ಜಾರ್ತದೆ, ನೋಡ್ಕೊಂಡು ನಡಿ. ಇಫ್ರಾ ಕೇಳಿಸಿಕೊಳ್ಳುತ್ತಿದ್ದಳು. ಮನೆಯಲ್ಲಿ ಅವಳಿಗೆ ಮಾತಿಗೆ ಬರವಿರಲಿಲ್ಲ.

“ದಾದಾ, ಲಾರಿಗೂ ಹೂವು ಹಾಕ್ತಾರಾ?”

“ಹಾಕ್ತಾರೆ.”

“ನಿಮ್ಮ ಎತ್ತಿಗೆ ಹಾಕ್ತಿದ್ರಾ?”

“ನನ್ನ ಎತ್ತು ಎಲ್ಲಿತ್ತಮ್ಮ! ಎಲ್ಲಾ ಬೇರೆಯವ್ರದ್ದೇ. ನಾನು ಬರೀ ಮಧ್ಯದಲ್ಲಿ ನಿಂತವನು.”

“ಮಧ್ಯದಲ್ಲಿ ನಿಂತ್ರೆ ಎತ್ತು ಗುದ್ದಲ್ವಾ?”

ಸಾದಿಕ್ ಪಾಷಾ ರಸ್ತೆಯಲ್ಲೇ ನಿಂತು ನಕ್ಕದ್ದನ್ನು ವಾಸಿಫ್ ಮಂಡಿಯಿಂದ ಬರುವಾಗ ದೂರದಿಂದ ನೋಡಿದ. ರಮೇಶ್‌ಬಾಬು ತಕ್ಕಡಿಗೆ ಪೂಜೆ ಮಾಡಿ ಮಕ್ಕಳಿಗೆಂದು ಕೊಟ್ಟ ಪುರಿ, ಬೂಂದಿಯ ಪೊಟ್ಟಣ ಅವನ ಕೈಯಲ್ಲಿತ್ತು.

ಆದರೆ ನಡುನಡುವೆ ಅಜ್ಜನ ಬಲಗೈ ತಾನಾಗಿ ಹೆಗಲ ಕಡೆ ಹೋಗುತ್ತಿತ್ತು. ಅಲ್ಲಿ ಏನೂ ಸಿಗದೆ ಕುತ್ತಿಗೆ ಕೆರೆದುಕೊಂಡು ಕೆಳಗಿಳಿಯುತ್ತಿತ್ತು.

ಹಬ್ಬ ಕಳೆದ ಮಾರನೆಯ ದಿನ ಬಯ್ಯಪ್ಪ ಬಂದ. ಮಂಡಿಕಲ್ ಕಡೆಯ ರೈತ, ಸಾದಿಕ್ ಪಾಷಾರ ಸಂತೆಯ ದಿನಗಳ ಗೆಳೆಯ. ಹೊಲದಿಂದ ಆಗಷ್ಟೇ ಕಿತ್ತ ಕಡಲೆಕಾಯಿಯ ಚೀಲವನ್ನು ಬಾಗಿಲಲ್ಲಿ ಇಳಿಸಿ, “ಏಮಿ ಸಾಬು, ಬಾಗುನ್ನಾವಾ?” ಎಂದು ತೆಲುಗಿನಲ್ಲಿ ಕೂಗಿ, ಉತ್ತರಕ್ಕೆ ಕಾಯದೆ ಮೆಟ್ಟಿಲ ಮೇಲೆ ಕೂತ.

“ಚೆನ್ನಾಗಿದ್ದೀನಿ ಕಣಯ್ಯ. ಮಣ್ಣು ತೊಳ್ಕೊಂಡಾದ್ರೂ ತರಬಾರ್ದಾ?”

“ಮಣ್ಣಿದ್ರೇನೇ ರುಚಿ. ನಿಮ್ಮ ಪ್ಯಾಟೆ ಜನಕ್ಕೆ ಏನು ಗೊತ್ತು.”

ಆಸ್ಮಾ ಕಡಲೆಕಾಯಿ ತೊಳೆದು ಉಪ್ಪು ಹಾಕಿ ಬೇಯಿಸಿ ತಂದಳು. ಎಲ್ಲರೂ ಸುತ್ತ ಕೂತರು. ತಬ್ರೇಜ್ ಸಿಪ್ಪೆಯನ್ನೇ ಒಂದೊಂದಾಗಿ ಅಜ್ಜನ ಜೇಬಿಗೆ ತುಂಬುತ್ತಿದ್ದ. ಬಯ್ಯಪ್ಪ ಇಫ್ರಾಳನ್ನು ಹತ್ತಿರ ಕರೆದ. ಈ ಆಟ ಅವನಿಗೂ ಗೊತ್ತು. ತಲೆಗೆ ಸುತ್ತಿದ್ದ ಟವಲು ಬಿಚ್ಚಿ ತನ್ನ ಕೈಯ ಮೇಲೆ ಹೊದಿಸಿ, ಆಕಾಶದ ಕಡೆ ಮುಖ ಮಾಡಿ ಕೇಳಿದ:

“ಏನು ದಲ್ಲಾಳಮ್ಮ, ಮಳೆ ಬರ್ತದಾ? ಎಷ್ಟು ಕಾಯಿ ಕೊಡ್ಲಿ?”

ಇಫ್ರಾಳ ಕೈ ಅರ್ಧಕ್ಕೆ ಎದ್ದಿತು.

“ಬೇಡ ಬಯ್ಯಪ್ಪಾ,” ಸಾದಿಕ್ ಪಾಷಾ ಅಂದರು. “ಬಿಟ್ಬಿಟ್ಟಿದ್ದೀವಿ ಅದನ್ನ.”

“ಯಾಕೆ?”

“ಮಗು ಸ್ಕೂಲಲ್ಲಿ ಮಾತಾಡ್ತಿಲ್ಲ. ನಾನೇ ಕೆಡಿಸ್ದೆ.”

ಬಯ್ಯಪ್ಪ ಒಮ್ಮೆ ಅವರನ್ನೂ ಒಮ್ಮೆ ಮಗುವನ್ನೂ ನೋಡಿದ. “ಅಲ್ಲ ಸಾಬು, ನಾನೂ ನೀನೂ ಇಷ್ಟು ವರ್ಷ ಅದರಡೀಲೇ ಬದುಕಿದ್ವಿ. ನನ್ನ ಬಾಯೇನು ಮುಚ್ಚೋಯ್ತಾ? ನನ್ನ ಹೆಂಡ್ತೀನ ಕೇಳು ಹೋಗು, ಮುಚ್ಚಿದ್ರೆ ಸಾಕು ಅಂತಾಳೆ.”

ಆಸ್ಮಾ ಸೆರಗು ಬಾಯಿಗಿಟ್ಟು ನಕ್ಕಳು. ಸಾದಿಕ್ ಪಾಷಾ ನಗಲಿಲ್ಲ. ಬಯ್ಯಪ್ಪ ಟವಲನ್ನು ಮತ್ತೆ ತಲೆಗೆ ಸುತ್ತಿಕೊಂಡ. ಇಫ್ರಾ ಎದ್ದಿದ್ದ ಕೈಯನ್ನು ಇಳಿಸಿ, ಲಂಗದ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕೂತಳು. ಅವಳು ತನ್ನಪ್ಪನ, ಅಬ್ಬುವಿನ, ಕಡೆ ನೋಡಿದಳು. ವಾಸಿಫ್ ಒಂದು ಕಾಯಿ ಒಡೆದು ಅವಳ ಕೈಗೆ ಕೊಟ್ಟ. ಅವಳು ತಿಂದಳು. ಇನ್ನೊಂದು ಒಡೆದು ಕೊಟ್ಟ.

ಶಾಲೆ ತೆರೆದ ದಿನ ಸಾದಿಕ್ ಪಾಷಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಕೂಟರಿನ ಬಳಿ ಮೊದಲೇ ಬಂದು ನಿಂತಿದ್ದರು. ತಾವೇ ಟೀಚರಿಗೆ ಹೇಳಬೇಕೆಂದರು. ಇಫ್ರಾ ಮುಂದೆ ನಿಂತಳು, ಅಜ್ಜ ಹಿಂದೆ ಕೂತರು. ದಾರಿಯಲ್ಲಿ ಒಡೆದ ಬೂದುಗುಂಬಳದ ಕೆಂಪು ಚೂರುಗಳು ಇನ್ನೂ ಅಲ್ಲಲ್ಲಿ ಒಣಗಿ ಬಿದ್ದಿದ್ದವು.

“ತಪ್ಪು ನಂದು ಮೇಡಂ,” ತರಗತಿಯ ಬಾಗಿಲಲ್ಲಿ ಅವರು ತನುಜ ಮಿಸ್‌ಗೆ ಕನ್ನಡದಲ್ಲಿ ಹೇಳಿದರು. “ಮಗು ಹೆದರಿಲ್ಲ. ಮನೇಲಿ ಯಾರೂ ಹೊಡ್ಯಲ್ಲ. ನಾನು ದನದ ಸಂತೆ ಲೆಕ್ಕ ಕಲಿಸ್ಬಿಟ್ಟೆ. ಈಗ ನಿಲ್ಸಿದ್ದೀನಿ. ಕೆಳಗಿನ ಕ್ಲಾಸಿಗೆ ಮಾತ್ರ ಹಾಕ್ಬೇಡಿ.”

ಟೀಚರಿಗೆ ಮೊದಲು ಅರ್ಥವಾಗಲಿಲ್ಲ. ಸಾದಿಕ್ ಪಾಷಾ ಮತ್ತೊಮ್ಮೆ ವಿವರಿಸಿದರು. ಕೈ ತೋರಿಸಲು ಹೊರಟು, ನಡುವೆ ತಡೆದುಕೊಂಡು, ಬಾಯಲ್ಲೇ ಹೇಳಿದರು. ತನುಜ ಮಿಸ್ ಇಫ್ರಾಳ ಕಡೆ ಬಗ್ಗಿದರು.

“ಅಂದ್ರೆ ಅವತ್ತು ನನ್ನ ಕೈ ಹಿಡ್ಕೊಂಡು ಬಿಟ್ಟು, ಆಮೇಲೆ ಎರಡು ಬೆರಳು ಹಿಡ್ಕೊಂಡ್ಲು. ಗಾಳಿಪಟ ಏಳೇ ಇದ್ದಿದ್ದು! ಅಯ್ಯೋ ಇಫ್ರಾ, ನಾನೇ ಫೇಲ್ ಕಣೇ!”

ಇಫ್ರಾ ಅವರ ಮೂಗುತಿಯನ್ನು ನೋಡುತ್ತ ನಿಂತಿದ್ದಳು.

“ಲೆಕ್ಕ ಸರಿಯಿದೆ ತಾತ. ಆದ್ರೆ ಬಾಯೂ ಬೇಕಲ್ವಾ? ನೋಡೋಣ ಬಿಡಿ, ಅವಸರ ಇಲ್ಲ. ದೀಪಾವಳಿವರೆಗೂ ನನ್ನ ಹತ್ರಾನೇ ಇರ್ಲಿ.” ಆಮೇಲೆ ಅವರು ವಾಸಿಫನನ್ನು ನೋಡಿ, “ನೀವೇನಾದ್ರೂ ಹೇಳ್ಬೇಕಾ ಸಾರ್?” ಎಂದರು.

ಒಂದನೇ ತರಗತಿಯಂತೆಯೇ ಅವನೊಳಗೆ ಮಾತು ಪೂರ್ತಿ ತಯಾರಿತ್ತು. ಅಬ್ಬಾ ಪಕ್ಕದಲ್ಲಿ, ಟವಲಿಲ್ಲದ ಹೆಗಲಿನಲ್ಲಿ, ತಲೆ ಬಗ್ಗಿಸಿ ನಿಂತಿದ್ದರು.

“ಇಲ್ಲ ಮೇಡಂ” ಎಂದ ವಾಸಿಫ್.

ಆಮೇಲಿನ ದಿನಗಳು ಯಾವತ್ತಿನಂತೆ ಹೋದವು. ಬೆಳಗ್ಗೆ ಮಂಜು ಬೀಳತೊಡಗಿತು. ತಬ್ರೇಜನಿಗೆ ನೆಗಡಿಯಾಗಿ ಹೋಯಿತು. ಸಾದಿಕ್ ಪಾಷಾ ತಮ್ಮ ಟವಲನ್ನು ಅವನಿಗೆ ಹೊದೆಯಲು ಕೊಟ್ಟುಬಿಟ್ಟಿದ್ದರು. ಅವನು ಅದನ್ನು ಮನೆಯೆಲ್ಲ ಎಳೆದುಕೊಂಡು ತಿರುಗುತ್ತಿದ್ದ. ದಿನವೂ ಸಂಜೆ ಇಫ್ರಾ ಬಂದೊಡನೆ ಆಸ್ಮಾ ಕೇಳುತ್ತಿದ್ದಳು, “ಇವತ್ತು ಮಾತಾಡಿದ್ಯಾ?” ಇಫ್ರಾ, “ಇವತ್ತು ಉಪ್ಪಿಟ್ಟು ಕೊಟ್ರು” ಎನ್ನುತ್ತಿದ್ದಳು. ಅಜ್ಜ ಬಾಗಿಲಲ್ಲಿ ಕೂತು ಮಗುವಿನ ಮುಖ ಮಾತ್ರ ನೋಡುತ್ತಿದ್ದರು.

ಒಂದು ಗುರುವಾರ ಮಧ್ಯಾಹ್ನ ಜೋರು ಮಳೆ ಬಂತು. ಮಂಡಿಯಲ್ಲಿ ಕ್ರೇಟುಗಳಿಗೆ ಟಾರ್ಪಾಲು ಎಳೆಯುತ್ತಿದ್ದಾಗ ವಾಸಿಫನ ಫೋನು ರಿಂಗಾಯಿತು. ತನುಜ ಮಿಸ್.

“ಸಾರ್, ಮಾತಾಡಿದ್ಲು! ನಾನು ಬೋರ್ಡ್ ಮೇಲೆ ಬರೀತಿದ್ದೆ. ಹಿಂದಿಂದ ಯಾರೋ, ‘ಮಿಸ್, ನಿಮ್ಮ ಚಪ್ಪಲಿ ನೆನೀತಿದೆ’ ಅಂದ್ರು. ತಿರುಗಿದ್ರೆ ಇವಳು! ಬಾಗಿಲ ಹೊರಗೆ ಬಿಟ್ಟಿದ್ದೆ, ನಿಜವಾಗ್ಲೂ ನೆನೀತಿತ್ತು. ಆಮೇಲೆ ಎಲ್ಲರ ಚಪ್ಪಲಿ ಬಗ್ಗೇನೂ ಹೇಳಿದ್ಲು, ಒಂದೊಂದೇ.” ಅವರು ನಗುತ್ತಿದ್ದರು. “ತಾತನಿಗೆ ಹೇಳಿ.”

ವಾಸಿಫ್ ಟಾರ್ಪಾಲಿನ ತುದಿ ಹಿಡಿದುಕೊಂಡೇ ನಿಂತ. ಚಪ್ಪಲಿ. ಹಲ್ಲಿ.

ಮನೆಯಲ್ಲಿ ಆಸ್ಮಾ ಸುದ್ದಿ ಕೇಳಿ ಮಗಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿದಳು. ಸಂಜೆಗೆ ಶಾವಿಗೆ ಖೀರು ಮಾಡಿದಳು. ಮಾವನ ಬಟ್ಟಲಿಗೆ ಒಂದು ಸೌಟು ಹೆಚ್ಚೇ ಹಾಕಿ, “ನೋಡಿ ಅಬ್ಬಾ, ನೀವು ಟವಲ್ ಬಿಟ್ಟಿದ್ದಕ್ಕೇ ಆಗಿದ್ದು” ಎಂದಳು. ಅವಳ ದನಿಯಲ್ಲಿ ಪ್ರೀತಿಯಿತ್ತು.

“ಹೌದಮ್ಮ,” ಅವರೆಂದರು. “ಇನ್ನೂ ಮೊದ್ಲೇ ಬಿಡ್ಬೇಕಿತ್ತು. ಜೂನಿಂದ ಮಗು ಸುಮ್ನೆ ಕಷ್ಟಪಡ್ತು.”

ಖೀರು ಮುಗಿಯುವ ಹೊತ್ತಿಗೆ ಮಳೆ ನಿಂತು ಇಳಿಬಿಸಿಲು ಮೆಟ್ಟಿಲ ಮೇಲೆ ಬಿತ್ತು. ಇಫ್ರಾ ತಮ್ಮನ ಎದುರು ಕೂತಳು. ಅವನ ಟವಲನ್ನು ಎಳೆದು ಇಬ್ಬರ ಕೈಗಳ ಮೇಲೆ ಹೊದಿಸಿದಳು. ಮುಖವನ್ನು ಆಕಾಶದ ಕಡೆ ತಿರುಗಿಸಿ, ತನ್ನದಲ್ಲದ ದಪ್ಪ ದನಿಯಲ್ಲಿ ಅಂದಳು:

“ಸರಿಯಾಗಿ ಹಿಡಿ ತಬ್ರೇಜ್, ಎತ್ತು ಓಡೋಗ್ತದೆ.”

ತಬ್ರೇಜ್ ಖುಷಿಯಿಂದ ಕಿರುಚಿದ. ಸಾದಿಕ್ ಪಾಷಾ ನಿಧಾನವಾಗಿ ಎದ್ದು ಬಂದರು. ಮಕ್ಕಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಟವಲಿನ ಮೇಲೆ ಕೈ ಇಟ್ಟರು. ಒಳಗಿನ ಪುಟ್ಟ ಬೆರಳುಗಳ ಆಕಾರ ಅವರ ಅಂಗೈಗೆ ತಿಳಿದಿರಬೇಕು, ಕೈಯನ್ನು ತಕ್ಷಣ ತೆಗೆಯಲಿಲ್ಲ.

“ಬೇಡ ಬೇಟಾ,” ಎಂದರು ಕೊನೆಗೆ. “ಇದು ಒಳ್ಳೇದಲ್ಲ. ತಮ್ಮನಿಗೂ ಮಾತು ಬರ್ಬೇಕಲ್ವಾ?”

“ನಂಗೆ ಬಂತಲ್ಲ ದಾದಾ.”

“ಬಿಟ್ಟಿದ್ದಕ್ಕೇ ಬಂತು.”

ಅವರು ಟವಲನ್ನು ಮಕ್ಕಳ ಕೈಯಿಂದ ಬಿಡಿಸಿ, ಮಡಿಸಿ, ಒಳಗೆ ಕಬ್ಬಿಣದ ಬೀರುವಿನ ಮೇಲಿಟ್ಟು ಬಂದು ಕೂತರು. ತಬ್ರೇಜ್ ಅಳತೊಡಗಿದ. ಇಫ್ರಾ ಅಳಲಿಲ್ಲ. ಖಾಲಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಅಬ್ಬು ಏನಾದರೂ ಹೇಳುತ್ತಾನೇನೋ ಎಂಬಂತೆ ವಾಸಿಫನ ಕಡೆ ನೋಡಿದಳು.

ಅವನು ಬಾಗಿಲಿನಿಂದ ಬಂದು ಮೆಟ್ಟಿಲ ಮೇಲೆ ಅಬ್ಬಾನ ಪಕ್ಕ ಕೂತ. ತಬ್ರೇಜನನ್ನು ತೊಡೆಯ ಮೇಲೆ ಎಳೆದುಕೊಂಡ. ಅಬ್ಬಾನ ಕೈ ಅವನ ಕೈಗೆ ಹತ್ತಿರದಲ್ಲೇ ಇತ್ತು, ಮೇಲೆ ಏನೂ ಹೊದಿಸಿರಲಿಲ್ಲ. ಅದನ್ನು ಹಿಡಿದಿದ್ದರೂ ಹೇಳಲಾಗುತ್ತಿರಲಿಲ್ಲ. ಆ ಭಾಷೆಯಲ್ಲಿ ಇದ್ದದ್ದು ಅಂಕಿಗಳು ಮಾತ್ರ. ಇದನ್ನು ಬಾಯಲ್ಲೇ ಹೇಳಬೇಕಿತ್ತು.

“ಇನ್ನೂ ಮಳೆ ಬರ್ತದೆ ಅನ್ಸುತ್ತೆ” ಎಂದ ವಾಸಿಫ್, ಆಕಾಶ ನೋಡುತ್ತ.

“ಬರ್ತದೆ” ಎಂದರು ಸಾದಿಕ್ ಪಾಷಾ.

ಒಂದನೇ ತರಗತಿಯಲ್ಲಿ ತಾನೂ ಇಡೀ ವರ್ಷ ಬಾಯಿ ತೆರೆದಿರಲಿಲ್ಲ, ಇಫ್ರಾಳ ಮೌನ ಟವಲಿನಿಂದ ಬಂದದ್ದಲ್ಲ, ತನ್ನಿಂದ ಬಂದದ್ದು ಎಂದು ಅವನು ಅಬ್ಬಾಗೆ ಎಂದೂ ಹೇಳಲಿಲ್ಲ.